ದಕ್ಕೆ ಚಿಕ್ಕದಾದ್ದರಿಂದ

ಪೋರ್ತ್‌ಕೆರೋದ ದಕ್ಕೆ ಎಷ್ಟುದ್ದ ಅಂದರೆ
ಈ ತುದಿಯಲ್ಲಿ ಸೀನಿದರೆ
ಆ ತುದಿಯವರು ‘ಚಿರಾಯು’ ಅನ್ನಬಹುದು.
ಹಾಗಾಗಿ ಪ್ರೈಡ್ ಮೆರವಣಿಗೆ ಈ ಸಲ ಎರಡು ಸುತ್ತು ಎಂದು
ಬೇಕರಿಯ ಲವ್‌ಡೇ ಬಾಗಿಲಿಗೆ ಚೀಟಿ ಅಂಟಿಸಿದ್ದಳು.
ಕೆಳಗೆ, ಅದಕ್ಕಿಂತ ದಪ್ಪಕ್ಷರದಲ್ಲಿ:
ಎರಡೂ ನಲವತ್ತಕ್ಕೆ ಉಬ್ಬರ. ಅಷ್ಟರೊಳಗೆ ಮುಗಿಸತಕ್ಕದ್ದು.

ಜೋರಿ ಬೆಳಗ್ಗೆಯೇ ಹೇಳಿಬಿಟ್ಟ: ನೀನು ಹೋಗು,
ನನಗೆ ಏಡಿಬುಟ್ಟಿ ಹೆಣೆಯುವುದಿದೆ.
ಮೂವತ್ತೊಂದು ವರ್ಷದಿಂದ ಅವನಿಗೆ ಏಡಿಬುಟ್ಟಿ ಹೆಣೆಯುವುದಿದೆ.
ಮದುವೆಗೆ, ನಾಮಕರಣಕ್ಕೆ, ಮಣ್ಣಿಗೆ
ನಾನೊಬ್ಬನೇ ಹೋಗಿ ಒಬ್ಬನೇ ಬಂದಿದ್ದೇನೆ,
ಒಂದು ತುಂಡು ಕೇಕು ಕಾಗದದಲ್ಲಿ ಸುತ್ತಿಸಿಕೊಂಡು.
ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಊರಿಗೆ ನಾನು ಜೋರಿಯ ಮಹಡಿಯ ಬಾಡಿಗೆಯವನು.
ಜನಗಣತಿಯವಳಿಗೂ ಹಾಗೇ ಬರೆಸಿದೆವು.
ಅವನ ತಾಯಿ, ಸಾಯುವ ವಾರ, ನನ್ನ ಕೈ ಹಿಡಿದು
‘ಬಾಡಿಗೆ ಸರಿಯಾಗಿ ಕೊಡ್ತಿದೀಯಾ?’ ಅಂತ ಕೇಳಿ
ನಕ್ಕಳು.
ಆ ನಗುವನ್ನು ನಾನಿನ್ನೂ
ಮಗುಚಿ ಮಗುಚಿ ನೋಡುತ್ತಿದ್ದೇನೆ.

ಮೆರವಣಿಗೆ ಅಂದರೆ ನಲವತ್ತಮೂರು ಜನ.
ಎಣಿಸಿದ್ದು ನಾನೇ, ಅಂಚೆ ಕಚೇರಿ ಮೆಟ್ಟಿಲ ಮೇಲೆ,
ಸ್ಟಾಂಪು ಕೊಳ್ಳಲು ಬಂದವನ ಹಾಗೆ ನಿಂತು.
ಮುಂದೆ ಹಿತ್ತಾಳೆ ವಾದ್ಯದವರು,
ಶವಯಾತ್ರೆಗೆ ನುಡಿಸುವುದನ್ನೇ ಜೋರು ಲಯದಲ್ಲಿ ನುಡಿಸುತ್ತ.
ಹಿಂದೆ, ದೊಡ್ಡ ಊರಿಂದ ಬಸ್ಸಿಳಿದು ಬಂದ ರಾಣಿ,
ಮೈತುಂಬ ಬಂಗುಡೆಯ ಹೊಳಪು,
ಹಿಮ್ಮಡಿ ಕಲ್ಲುಸಂದಿಯಲ್ಲಿ ಸಿಕ್ಕಿ ಮುರಿದಾಗ
ಬಂದರಿನ ಅಧಿಕಾರಿ ಗೆರ್ರನ್ ಮಾತಿಲ್ಲದೆ
ತನ್ನ ಹಳದಿ ರಬ್ಬರು ಬೂಟು ಬಿಚ್ಚಿ ಕೊಟ್ಟ.
ಉಳಿದ ದಾರಿ ಅವನು ಕಾಲುಚೀಲದಲ್ಲೇ ನಡೆದ.

ಹದಿನಾಲ್ಕರ ಮೆರಿನ್ ಹಾಸಿಗೆಯ ಚಾದರಕ್ಕೆ ಬಣ್ಣ ಬಳಿದಿದ್ದಳು;
ಇನ್ನೊಂದು ತುದಿ ಹಿಡಿದ ಅಜ್ಜಿ
ಊರುಗೋಲು ಕುಟ್ಟುತ್ತ, ‘ಒಳ್ಳೇ ಚಾದರ ಹಾಳು’ ಎಂದು
ಎರಡು ಸುತ್ತೂ ಗೊಣಗಿದಳು,
ತುದಿ ಮಾತ್ರ ಬಿಡಲಿಲ್ಲ.
ಪಾದ್ರಿಯಮ್ಮನ ಕೈಯ ಪೇಸ್ಟಿಯನ್ನು ಕಡಲಹಕ್ಕಿ ಹಾರಿಸಿಕೊಂಡು ಹೋದಾಗ
ಎಲ್ಲರೂ ಚಪ್ಪಾಳೆ ಹೊಡೆದದ್ದು ಹಕ್ಕಿಗೆ.

ಗಾಳಿ ಎದ್ದದ್ದು ಮೊದಲ ಸುತ್ತು ಮುಗಿದ ಮೇಲೆ.
ದೀಪದ ಕಂಬದಿಂದ ಬಾವುಟದ ಸಾಲು ಕಳಚಿ
ಅರ್ಧ ನೀರಿಗೆ ಬಿತ್ತು.
ಎಲ್ಲಿಂದಲೋ ಜೋರಿ.
ಕೈಯೆಲ್ಲ ಟಾರು, ಮುಖವೆಲ್ಲ ಸಿಟ್ಟು:
‘ಯಾರು ಕಟ್ಟಿದ್ದು ಇದನ್ನ? ಇದೇನು ಗಂಟಾ, ಶೂ ಲೇಸಾ?’
ಆಮೇಲೆ ದಕ್ಕೆಯ ಆಚೆಗೆ ತಿರುಗಿ ನನ್ನನ್ನು ಕೂಗಿದ,
ಹೊರಗೆ ಕೂಗುವ ‘ಪೆಂಡರ್’ ಅಲ್ಲ,
ಒಳಗಿನದು, ದೀಪ ಆರಿಸಿದ ಮೇಲಿನದು.
ಅದನ್ನಿಲ್ಲಿ ಬರೆಯುವುದಿಲ್ಲ.
‘ಹಿಡಿ ಆ ಕಡೆ!’

ಹಿಡಿದೆ.
ಅವನು ಕಟ್ಟಿದ. ಒಂದು. ಎರಡು.
ಎಳೆದು ನೋಡಿ, ಸಾಲದೆಂದು, ಮೂರು.
ಅಷ್ಟರಲ್ಲಿ ಹಿತ್ತಾಳೆ ವಾದ್ಯ ಮೈಮೇಲೇ ಬಂತು.
ಈ ಕಡೆ ಗೋಡೆ, ಆ ಕಡೆ ನೀರು,
ಸರಿಯಲು ಜಾಗವಿಲ್ಲ.
ದಕ್ಕೆ ಉದ್ದ ಮಾತ್ರವಲ್ಲ, ಅಗಲವೂ ಕಮ್ಮಿ.
ನಡೆಯದೆ ನಾವಾದರೂ ಏನು ಮಾಡಬೇಕಿತ್ತು?

ಅವನು ಬೇರೆ ಮಾತಾಡಲಿಲ್ಲ. ಗಂಟಿನ ಬಗ್ಗೆಯೇ
ಕೊನೆಯವರೆಗೂ ಬೈಯುತ್ತಿದ್ದ.
ನನ್ನ ತೋಳಿನ ಮೇಲೆ ಟಾರಿನ ನಾಲ್ಕು ಬೆರಳು.
ಎರಡೂ ನಲವತ್ತಕ್ಕೆ ಉಬ್ಬರ, ಹೇಳಿದ ಹಾಗೆ,
ದಕ್ಕೆಯ ಕೊನೆ ಮೆಟ್ಟಿಲು ನುಂಗಿತು.

ಬೇಕರಿಯಲ್ಲಿ ಲವ್‌ಡೇ ಕೇಕು ಕೊಯ್ದಳು.
ಎರಡು ತುಂಡು, ಎರಡು ತಟ್ಟೆ.
ಅಭ್ಯಾಸಬಲ, ನಾನು ಕಾಗದ ಕೇಳಿದೆ.
ಅವಳು ಚಾಕು ಒರೆಸುತ್ತ,
‘ಯಾತಕ್ಕೆ?’