ಟೊಳ್ಳು

ಮೊದಲು ಸರಪಳಿ.
ನಾಲ್ಕು ಎಳೆ, ಮೊಳದುದ್ದ, ಒಂದು ಕೋಲಿಗೆ ಕಟ್ಟಿದ್ದು.
ಸೆನಾದಾ ಅದನ್ನು ನೆಲದ ಮೇಲೆ ಎಳೆಯುತ್ತಾ ನಡೆಯುತ್ತಾಳೆ
ಹಟಮಾರಿ ಕರುವನ್ನು ಎಳೆದೊಯ್ಯುವಂತೆ, ತಲೆ ಬಗ್ಗಿಸಿ,
ಕಿವಿ ಮಾತ್ರ ಹಿಂದಕ್ಕೆ.
ನಾನು ಅವಳ ಹಿಂದೆ, ಹಳದಿ ಬಣ್ಣದ ಡಬ್ಬಿ ಹಿಡಿದು.

ಗಟ್ಟಿ ಕಾಂಕ್ರೀಟು ಝಲ್ಲೆನ್ನುತ್ತದೆ,
ಚಿಲ್ಲರೆ ಕಾಸು ಕಲ್ಲಿನ ಮೇಲೆ ಸುರಿದ ಹಾಗೆ.
ಒಳಗೆ ಪದರ ಬಿಟ್ಟಿದ್ದರೆ ದನಿ ಸಾಯುತ್ತದೆ:
ದೊಬ್, ದೊಬ್,
ಬಿರುಕು ಮಡಕೆಯ ಮಾತು.
'ಇಲ್ಲಿ' ಅನ್ನುತ್ತಾಳೆ. ನಾನು ಗೆರೆ ಎಳೆಯುತ್ತೇನೆ.
ಮಧ್ಯಾಹ್ನದ ಹೊತ್ತಿಗೆ ಮೂರನೆಯ ಮಹಡಿ
ಎಲ್ಲೂ ಇಲ್ಲದ ದೇಶಗಳ ಭೂಪಟ.

ಯೂಟಿಕಾ ಪೇಟೆಯ ಈ ಪಾರ್ಕಿಂಗ್ ಕಟ್ಟಡಕ್ಕೆ ಐವತ್ತೆರಡು ವರ್ಷ.
ಎದುರಿನ ಬಟ್ಟೆಯಂಗಡಿ ಮುಚ್ಚಿತು, ಸಿನಿಮಾ ಮಂದಿರ ಚರ್ಚಾಯಿತು,
ಇದು ಮಾತ್ರ ವರ್ಷಕ್ಕೆ ಐದು ತಿಂಗಳು
ಹಿಮ ಹೊತ್ತು ಬಂದ ಕಾರುಗಳನ್ನು ನುಂಗುತ್ತಲೇ ಇತ್ತು.
ರಸ್ತೆಗೆ ಸುರಿದ ಉಪ್ಪು ಚಕ್ರಕ್ಕಂಟಿ ಒಳಬಂತು.
ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ,
ಇದೂ ಕುಡಿಯಿತು,
ಕೂದಲೆಳೆಯ ಬಿರುಕುಗಳಿಂದ, ಸದ್ದಿಲ್ಲದೆ.
ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿತು,
ತನ್ನನ್ನು ಅಪ್ಪಿಕೊಂಡದ್ದನ್ನೇ ಒಡೆಯಿತು.

ಈಗ ಕಾನೂನು: ಮೂರು ವರ್ಷಕ್ಕೊಮ್ಮೆ ತಪಾಸಣೆ,
ಇಲ್ಲದಿದ್ದರೆ ಬಾಗಿಲಿಗೆ ಬೀಗ.
ಮಾಲೀಕ ಕ್ರಾಫ್ಟನ್ ಕಾಗದ ಮಡಚಿ ಬಿಚ್ಚಿ ಮಡಚಿ,
'ಒಂದು ತೇಪೆ ಹಾಕಿ ಬಣ್ಣ ಬಳಿದರೆ ಸಾಲದೇ?' ಎಂದ.
ಸೆನಾದಾ ಪೆನ್ನಿನ ಮುಚ್ಚಳ ತೆಗೆಯಲಿಲ್ಲ.
'ಸಹಿ ಹಾಕಿದ ಕೈ ರಾತ್ರಿ ನನ್ನ ಜೊತೆಗೇ ಮನೆಗೆ ಬರುತ್ತದೆ.'

ಒಂದೇ ಒಂದು ಸಲ ಹೇಳಿದ್ದಳು, ಊಟದ ಹೊತ್ತಿನಲ್ಲಿ:
ಬೋಸ್ನಿಯಾದಲ್ಲಿ, ಅವಳಿಗೆ ಏಳು ವರ್ಷವಿದ್ದಾಗ,
ಅಮ್ಮ ಗೆಣ್ಣಿನಿಂದ ತಟ್ಟಿ ತಟ್ಟಿ ನೋಡಿ
ಇವತ್ತು ಈ ಗೋಡೆಯ ಪಕ್ಕ ಮಲಗು ಅನ್ನುತ್ತಿದ್ದಳಂತೆ.
ಇಷ್ಟು ಹೇಳಿ ಡಬ್ಬಿ ಮುಚ್ಚಿದಳು.

ಕೊನೆಗೆ ಉಳಿದದ್ದು ವೀಟಾ ಸ್ಕಾಲ್ಜೋಳ ಟಿಕೆಟ್ ಗೂಡು.
ಇಪ್ಪತ್ತೇಳು ವರ್ಷ ಅದೇ ಸ್ಟೂಲು, ಅದೇ ಹೀಟರು,
ಗಾಜಿಗೆ ಅಂಟಿಸಿದ ಮೊಮ್ಮಗ, ಮುಂದಿನ ಎರಡು ಹಲ್ಲಿಲ್ಲದೆ.
ಗೂಡಿನ ಹೊಸ್ತಿಲಲ್ಲಿ ಸರಪಳಿ
ಝಲ್ಲೆನ್ನಲಿಲ್ಲ. ದೊಬ್ ಎನ್ನಲೂ ಇಲ್ಲ.
ಗೋಣಿಚೀಲದ ಮೇಲೆ ಬಿದ್ದ ಹಾಗೆ, ಅಷ್ಟೆ.
ನೆಲಮಾಳಿಗೆಗಿಳಿದು ಟಾರ್ಚು ಬಿಟ್ಟೆವು:
ಚಾವಣಿಯ ಮಾಂಸ ಕಳಚಿ
ಕೆಂಪು ಪಕ್ಕೆಲುಬುಗಳು ನಮ್ಮನ್ನೇ ನೋಡುತ್ತಿದ್ದವು.

ವೀಟಾ ಕೈಗವಸು ಕಳಚಿದಳು.
'ಹಿಮ ಬಿದ್ದಾಗ ಯಾರೂ ಜಾರಬಾರದೆಂದು
ಬೆಳಿಗ್ಗೆ ಬೆಳಿಗ್ಗೆ ನಾನೇ ಇಲ್ಲಿ ಉಪ್ಪು ಚೆಲ್ಲುತ್ತಿದ್ದೆ.
ಎರಡು ಹಿಡಿ. ಮಕ್ಕಳು ಬರುವ ದಿನ ಮೂರು.'
ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು.
'ಜಾರಿದರಾ ಯಾರಾದರೂ?' ಸೆನಾದಾ ಕೇಳಿದಳು.
'ಒಬ್ಬರೂ ಇಲ್ಲ.'
'ಹಾಗಾದರೆ ಸರಿ' ಎಂದು ನನ್ನ ಕೈಯ ಡಬ್ಬಿ ಕಸಿದುಕೊಂಡು
ತಾನೇ ಗೆರೆ ಹಾಕಿದಳು, ಸ್ಟೂಲಿನ ಸುತ್ತ.

ಆಮೇಲೆ ಏಳು ತಿಂಗಳು.
ತೊಲೆಗಳಿಗೆ ಊರುಗೋಲು ಕೊಟ್ಟು ನಿಲ್ಲಿಸಿ
ಸತ್ತದ್ದನ್ನೆಲ್ಲ ಕೆತ್ತಿ ತೆಗೆದೆವು, ಧೂಳು ನಮ್ಮ ಎಂಜಲಿನಲ್ಲೂ.
ಸರಳುಗಳನ್ನು ಹೊಳೆಯುವವರೆಗೆ ಉಜ್ಜಿದೆವು.
ಗುಂಡಿ ಗುಂಡಿಯಲ್ಲೂ ಒಂದೊಂದು ಸತುವಿನ ಬಿಲ್ಲೆ ಕಟ್ಟಿದೆವು:
ಕಬ್ಬಿಣದ ಬದಲು ತಾನು ಸವೆಯುವುದು ಅದರ ಕೆಲಸ.
'ಎಷ್ಟು ದಿನ?' ಎಂದ ಕ್ರಾಫ್ಟನ್.
'ಅದು ಮುಗಿಯುವವರೆಗೆ.'

ನವೆಂಬರಿನ ಮೊದಲ ಹಿಮ. ಬಾಗಿಲು ತೆರೆದಿದೆ.
ಗೂಡಿದ್ದಲ್ಲಿ ಈಗ ಯಂತ್ರ, ತಾನೇ ಚೀಟಿ ಕೊಡುತ್ತದೆ,
ಯಾರ ಮುಖವನ್ನೂ ನೋಡುವುದಿಲ್ಲ.
ವೀಟಾ ತನ್ನ ಹಳೆಯ ಬ್ಯೂಕ್ ತಂದು ನಿಲ್ಲಿಸಿ
ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ
'ಒಮ್ಮೆ ಕೊಡು ಅದನ್ನ' ಎಂದಳು.

ಸರಪಳಿ ಹಿಡಿದು ನಾಲ್ಕು ಹೆಜ್ಜೆ ಎಳೆದಳು
ತಾನು ಕೂತಿದ್ದ ಜಾಗದ ಮೇಲೆ.
ಝಲ್.
ನಂಬದವಳಂತೆ ಇನ್ನೊಮ್ಮೆ.
ಝಲ್.

ಆಚೆ ಅವಳ ಕಾರಿನ ಚಕ್ರಗಳಿಂದ
ಬೂದು ನೀರು ಇಳಿಯುತ್ತಿತ್ತು, ಉಪ್ಪುಪ್ಪಾಗಿ,
ಹೊಸ ನೆಲದ ಇಳಿಜಾರು ಎತ್ತ ಎಂದು
ನಿಧಾನಕ್ಕೆ ಹುಡುಕುತ್ತಾ.