ಉಪ್ಪಿನ ಗಂಟು

ಸಣಾಪುರದ ಕೆರಿಯಾಗ ಹರಗೋಲು ತಿರುಗಸ್ತೀನ್ರಿ,
ಹೆಸರು ಯಮನೂರಪ್ಪ.
ಜೋಡಿಗೆ ಆರುನೂರು, ಮಕ್ಕಳಿದ್ದರ ಮಾತಾಡೂಣು.
ಗಾಳ ನಂದು, ಎರಿಹುಳ ನಂದು, ಇಂಗು ಕಲಸಿದ ಹಿಟ್ಟಿನ ಉಂಡಿ ನಂದು,
ಮೀನು ಯಾರದೂ ಅಲ್ಲ.

ಬಿಸಿಲೇರೂದರಾಗ ಏಳಕ್ಕ ಬರ್ರಿ ಅಂತೀನಿ.
ಬರೂದು ಒಂಬತ್ತಕ್ಕ,
ಇಡ್ಲಿ ತಿಂದು, ಬಂಡಿಗಲ್ಲ ಮುಂದ ಫೋಟೋ ಹೊಡಕೊಂಡು,
ಜಾಕೆಟ್ಟಿನ ಬಕಲ್ಲು ಉಲ್ಟಾ ಹಾಕ್ಕೊಂಡು.
ಬುಟ್ಟಿಗೆ ಕಾಲಿಡೂ ಮೊದಲ ಎಲ್ಲಾರೂ ಕೇಳೂದು ಒಂದ:
ಇದು ಮುಳುಗೂದಿಲ್ಲಲ್ಲ?
ಬಿದಿರು ನಮ್ಮಪ್ಪ ಹೆಣೆದದ್ದು,
ಡಾಂಬರು ಹೋದ ಅಮವಾಸಿಗೆ ನಾ ಬಳದದ್ದು,
ಅಂತೆಲ್ಲ ಹೇಳೂದಿಲ್ಲ. ತಲಿ ಅಲ್ಲಾಡಸ್ತೀನಿ.

ಸಿಂಧನೂರಿನ ಒಂದು ಹುಡುಗಿ
ಜಿಲೇಬಿ ಬಿತ್ತು ಅಂದಕೂಡ್ಲೆ ಬಾಯಿ ತಗದಿತ್ತು,
ಕೈಯಾಗ ಒದ್ದಾಡೂ ಮೀನು ನೋಡಿ ಮುಚ್ಚಿತು.
ಅದಕ್ಕ ಬಸಮ್ಮ ಅಂತ ತನ್ನ ಅಜ್ಜಿ ಹೆಸರಿಟ್ಟು
ನೀರಿಗೆ ಬಿಟ್ಟು, ಟಾಟಾ ಮಾಡಿತು.
ಅಜ್ಜಿ ಪಕ್ಕದಾಗ ಕುಂತಿದ್ಲು. ನಕ್ಕಳೋ, ಬೈದಳೋ,
ಹುಟ್ಟು ಹಾಕೂ ಗಡಿಬಿಡ್ಯಾಗ ನೋಡಲಿಲ್ಲ.

ಆದರ ಹೇಳಬೇಕಾದ್ದು ಅದಲ್ಲ.

ಮಾಗಿಯಾಗ ಒಂದು ಹೊಸಾ ಜೋಡಿ ಬಂತು.
ಗಂಡ ಗದಗಿನ ಕಡ್ಯಾಂವ, ಎಲ್‌ಐಸಿಯಾಗ ಇರ್ತಾನಂತ.
ಫೋನು ಪ್ಲಾಸ್ಟಿಕ್ ಚೀಲದಾಗ, ಚೀಲ ಕೊರಳಾಗ,
ಎರಡೂ ಕೈ ಬುಟ್ಟಿಯ ಅಂಚಿನ ಮ್ಯಾಲೆ.
ಹೆಂಡತಿ ವಾರಿಜಾ. ಕುಂತಾಕಿನ
ಬೊಟ್ಟು ನೀರಾಗ ಅದ್ದಿ ನಾಲಿಗಿಗೆ ಹಚ್ಚಿ
'ಸಪ್ಪೆ' ಅಂದ್ಲು.

ಕೆರಿ ನೀರು ಸಪ್ಪಗಿರದ ಖಾರ ಇರತೈತೇನ್ರೀ ಅಕ್ಕಾರ,
ಅಂದು, ದಿನಾ ಹೇಳೂದು ಹೇಳಿದೆ:
ದಾರ ಹೀಂಗ ಹಿಡೀರಿ, ಬೆಂಡು ನೋಡಕೋತ ಇರ್ರಿ,
ಗದ್ದಲ ಮಾಡಬ್ಯಾಡ್ರಿ, ಮೀನಿಗೆ ಕಿವಿ ಇಲ್ಲಂದ್ರೂ ಕೇಳತೈತಿ.
ಆಕಿ ಹೂಂ ಹೂಂ ಅಂತ ಕೇಳಿದ್ಲು,
ಒಂದನೆತ್ತೆ ಮಾಸ್ತರನ ಮುಂದ
ಹೆಡ್‌ಮಾಸ್ತರ ಕೈಕಟ್ಟಿ ಕುಂತಂಗ.

ಎಡದಂಡಿ ಕಾಲುವಿ ನೀರು ಬೀಳೂ ಕಡೆ
ಬೆಂಡು ಒಮ್ಮೆಲೆ ಒಳಗ ಹೋತು.
ಬಾಳೆಮೀನು. ಮೊಳಕೈಯಷ್ಟು ಉದ್ದದ್ದು, ಹೊಟ್ಟಿ ಬೆಳ್ಳಗ ಹೊಳದದ್ದು
ಮೂರೂ ಮಂದಿ ನೋಡಿದಿವಿ.
ನನ್ನ ಗಂಟು ಬಿಚ್ಚಿತು.
ಇಪ್ಪತ್ತು ವರ್ಷದ ಗಂಟು, ನಮ್ಮಪ್ಪನ ಕೈಯಿಂದ ಬಂದ ಗಂಟು.
ಗಂಡ, ಪರವಾಗಿಲ್ಲ ಬಿಡು, ಅಂದ.
ನನಗ ಪರವಾಗಿತ್ತು.

'ಇತ್ಲಾಗ್ ಕೊಡಿ,' ಅಂದ್ಲು ವಾರಿಜಾ.
'ಇಲ್ ಕಾಣಿ. ಐದ್ ಸುತ್ತ್. ವಾಪಾಸ್ ಇದ್ರೊಳ್ಗೆ.
ಬಾಯಂಗ್ ಹಾಕಿ ಒದ್ದಿ ಮಾಡಿ ಎಳೀಕ್.
ಒಣ ಗಂಟ್ ಕಡೀತ್.'
ಗಂಗೊಳ್ಳಿಯ ಮೊಗವೀರರ ಮಗಳಂತ.
ಅವರಪ್ಪ ಬಂಡೆ ಸಂದಿನ್ಯಾಗ ಗಾಳ ಬಿಡತಿದ್ದನಂತ,
ಅಲ್ಲಿ ತೆರಿ ಬಂದರ ಬೆಂಡಿಗೂ ದಿಕ್ಕಿಲ್ಲಂತ.
ಗಂಡ ಆಕಿ ಕಡೆ ನೋಡಿದ.
ಮದುವಿ ಆಗಿ ಐದು ತಿಂಗಳು,
ಉಗುಳು ಹಚ್ಚಿ ಹಲ್ಲಿಲೆ ದಾರ ಎಳೆಯೂ ಈ ಹೆಂಡತಿನ್ನ
ಅಂವ ಅವತ್ತ ಮೊದಲ ಸಲ ನೋಡಿದ್ದು ಅಂತ ಕಾಣತೈತಿ.
ಅಂಚು ಹಿಡಿದಿದ್ದ ಒಂದು ಕೈ ಬಿಟ್ಟ.

ಮೂರು ಸಲ ಕಟ್ಟಿದೆ, ಮೂರು ಸಲ ಬಿಚ್ಚಿದ್ಲು.
ನಾಕನೇದ್ದಕ್ಕ ಸುಮ್ಮನಾದ್ಲು.
ಅದರ ಬದಲಿ ಹರಗೋಲು ಹೆಂಗ ಗರಗರ ತಿರುವೂದು
ನಾ ಕಲಿಸಿದೆ. ಆಕಿ ತಿರುವಿದ್ಲು,
ಬಂಡಿ, ಭತ್ತದ ಗದ್ದಿ, ಆಂಜನಾದ್ರಿ, ಮತ್ತ ಬಂಡಿ,
ಗಂಡ ಕಣ್ಣು ಮುಚ್ಚಿ ಸಾಕು ಸಾಕು ಅಂದ,
ಆಕಿಗೆ ಸಾಕಾಗಿರಲಿಲ್ಲ.
ಮೀನು ಮಾತ್ರ ಒಂದೂ ಸಿಗಲಿಲ್ಲ.
ಆರುನೂರು ಪೂರಾ ಇಸಕೊಂಡೆ.
ನೂರು ಬಿಡಬೇಕಿತ್ತೇನೋ ಅಂತ ರಾತ್ರಿ ಅನಿಸಿತು,
ಅಷ್ಟರಾಗ ಅವರ ರೈಲು ಕೊಪ್ಪಳ ದಾಟಿತ್ತು.

ಈಗ ಎಲ್ಲಾ ಗಾಳಕ್ಕೂ ಅದ ಗಂಟು.
ಎಮ್ಮಿ ಹಗ್ಗಕ್ಕೂ ಒಮ್ಮೆ ಹಾಕಿದ್ದೆ,
ಬಿಚ್ಚಲಾರದ ನನ್ನ ಹೆಂಡತಿ ಕುಡಗೋಲು ತಂದ್ಲು.
ಬಂದ ಮಂದಿ ಕೇಳತಾರ, ಏನಂತಾರ ಇದಕ್ಕ?
ಉಪ್ಪಿನ ಗಂಟು ಅಂತೀನಿ.
ಸಮುದ್ರ ನೋಡೀಯೇನು ಯಮನೂರಪ್ಪ?
ಇಲ್ರಿ. ಕಟ್ಟೀನಿ.

ಬಕಲ್ಲು ಸರಿ ಹಾಕ್ಕೋರಿ, ಮ್ಯಾಡಮ್.
ನಡುವ ಕೂಡ್ರಿ.