ತೂತುಗೂಡು

ಒಂಬೈನೂರು ಎಂ.ಎಲ್., ಹಸಿರು, ತೆಳು.
ಟೈಫಾಯ್ಡ್ ಕೊರೆದ ಕರುಳು; ಹೊಲಿದದ್ದು ಬಿಚ್ಚಿ
ಹೊಟ್ಟೆಯ ಮೇಲೇ ಬಾಯಿ ತೆರೆದಿದೆ.

ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆ, ಏಳನೇ ಮಂಚ.
ಶಿಡ್ಲಘಟ್ಟದ ಖಮರುನ್ನೀಸಾ, ಮೂವತ್ತು ವರ್ಷ ನೂಲು ಬಿಚ್ಚಿ
ಬೆಂದು ಬೆಳ್ಳಗಾದ ಬೆರಳು.
ಪಿತ್ತ ಸುಟ್ಟ ಚರ್ಮಕ್ಕೆ ಜಿಂಕ್ ಮುಲಾಮು ಹಚ್ಚುವಾಗ ಅಂದಳು:
"ಚಿಟ್ಟೆ ಕೊರೆದ ಗೂಡು ನಾನು, ಸಿಸ್ಟರ್.
ಮಾರ್ಕೆಟ್ಟಲ್ಲಿ ಯಾರೂ ರೇಟು ಕೂಗಲ್ಲ."

ಬಾಯಿಗೆ ಹನಿ ನೀರಿಲ್ಲ. ಕುತ್ತಿಗೆಯ ನಾಳದಲ್ಲಿ ಹಾಲಿನಂಥ ಊಟ.
"ಮತ್ತೆ ಯಾವಾಗ ಹೊಲೀತೀರಿ?"
ಹೊಲಿಯೋದಿಲ್ಲ ಈಗ, ಕಾಯೋದು, ಅಂದೆ.
"ಕಾಯೋದು ಗೊತ್ತು ಬಿಡಿ. ಎಳೆ ಸಿಗೋವರೆಗೂ
ಕೈ ಬಿಸಿನೀರಲ್ಲೇ."

ಆರುನೂರು. ನಾನೂರೈವತ್ತು.
ಒಂದಿನ ಜ್ವರ, ಮತ್ತೆ ಏಳುನೂರು.

ಮೂವತ್ತೆಂಟನೆಯ ಬೆಳಗು ಚೀಲದಲ್ಲಿ ನಲವತ್ತು.
ಅಂಕಿ ಬರೆದೆ.
ಅವಳು ನನ್ನ ಮುಖ ನೋಡುತ್ತಲೇ ಇದ್ದಳು.
ಕೆಳಗೆ ಗೆರೆ ಎಳೆಯಲಿಲ್ಲ.